ಆಟದ ವಿನ್ಯಾಸ ಮತ್ತು ಆಡಿ ನೋಡುವಿಕೆ: ಕರ್ನಾಟಕದ ಮಣೆಯಾಟಗಳ ಚರಿತ್ರೆ

ಮಣೆ, ಕಾಯಿ, ನಡೆ, ಗೆಲುವು-ಸೋಲು ಇವುಗಳ ನಿಯಮಗಳನ್ನು ಹೊಂದಿಸುವ ಕೆಲಸಕ್ಕೆ ಆಟದ ವಿನ್ಯಾಸ ಎನ್ನುತ್ತಾರೆ. ಹಾಗೆ ಹೊಂದಿಸಿದ್ದನ್ನು ಆಟಗಾರರ ಕೈಗೆ ಕೊಟ್ಟು, ಅವರು ಎಲ್ಲಿ ತೊಡರುತ್ತಾರೆ, ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಮುಂದಕ್ಕೆ ಬಾಗಿ ಕೂರುತ್ತಾರೆ ಎಂದು ನೋಡಿ ತಿದ್ದುವುದು ಆಡಿ ನೋಡುವಿಕೆ. ಗಣಕ ಆಟಗಳ ಉದ್ಯಮದಲ್ಲಿ ಇದಕ್ಕೆ ಪ್ಲೇಟೆಸ್ಟಿಂಗ್ ಎಂಬ ಹೆಸರಿದೆ. ಹೆಸರು ಹೊಸದಾದರೂ ಕೆಲಸ ಹಳೆಯದು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂಥ ಬಯಲುಸೀಮೆಯ ಊರುಗಳಲ್ಲಿ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಗೀಚಿ ಆಡುವ ಚೌಕಾಬಾರ ಮತ್ತು ಹುಲಿ-ಕುರಿ ಆಟಗಳನ್ನು ಯಾರೋ ಒಬ್ಬರು ಕೂತು ರಚಿಸಿದ್ದಲ್ಲ. ಬೇಸರ ತಂದ ನಿಯಮ ಬಿದ್ದುಹೋಗಿ, ಆಟಗಾರರನ್ನು ಹಿಡಿದು ಕೂರಿಸಿದ ನಿಯಮ ಉಳಿದು, ತಲೆಮಾರುಗಳ ಕೈಯಲ್ಲಿ ಅವು ರೂಪುಗೊಂಡಿವೆ.

ಹಿನ್ನೆಲೆ

ನನ್ನಿವಾಳವು ಮ್ಯಾಸನಾಯಕ ಸಮುದಾಯದ ಸಾಂಪ್ರದಾಯಿಕ ಕೇಂದ್ರಗಳಾದ ಕಟ್ಟೆಮನೆಗಳಲ್ಲಿ ಒಂದು. ದೇವರ ಎತ್ತುಗಳನ್ನು ಸಾಕಿಕೊಂಡು ಬಂದ ಪಶುಪಾಲಕರ ನಾಡು ಇದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಿಗೆ ಸೇರಿವೆ. ಶೇಂಗಾ, ಕುರಿ, ಕಂಬಳಿ ಇಲ್ಲಿನ ಬದುಕಿನ ಆಸರೆ. ಕೊಯ್ಲು ಮುಗಿದ ಮೇಲೆ ಮುಂದಿನ ಮಳೆಯವರೆಗೆ ಉದ್ದನೆಯ ಬಿಡುವು. ಮಂದೆಯನ್ನು ಮೇಯಲು ಬಿಟ್ಟು ಮರದ ನೆರಳಿನಲ್ಲಿ ಕೂತ ಮಧ್ಯಾಹ್ನಗಳು ಬೇರೆ. ಇಂಥ ಬಿಡುವಿನ ಆಟಕ್ಕೆ ಖರ್ಚಿರಬಾರದು, ಸಾಮಾನು ಹೊರುವಂತಿರಬಾರದು, ನಡುವೆ ಎದ್ದು ಹೋಗಬೇಕಾಗಿ ಬಂದರೂ ನಷ್ಟವಾಗಬಾರದು. ನೆಲದ ಮೇಲೊಂದು ಗೆರೆ, ಕೈಗೆ ಸಿಕ್ಕ ಬೆಣಚುಕಲ್ಲು, ಹುಣಸೆ ಬೀಜ ಸಾಕಾಗುವಂತೆ ಈ ಆಟಗಳು ಹಗುರವಾಗಿರುವುದಕ್ಕೆ ಕಾರಣ ಇದೇ.

ಪ್ರಾಚೀನ ಉಲ್ಲೇಖಗಳು

ಹಳಗನ್ನಡದಲ್ಲಿ ಪಗಡೆಯಾಟಕ್ಕೆ ನೆತ್ತ ಎಂಬ ಮಾತಿದೆ. ಪಂಪನ ಕಾಲದಿಂದಲೂ ಕನ್ನಡ ಕಾವ್ಯಗಳು ಮಹಾಭಾರತದ ಜೂಜಿನ ಪ್ರಸಂಗವನ್ನು ಹೇಳುತ್ತ ಬಂದಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ 100 ಅಧ್ಯಾಯಗಳಿದ್ದು, ಕೊನೆಯ 20 ಅಧ್ಯಾಯಗಳು ಕ್ರೀಡೆಗೆ ಮೀಸಲಾಗಿವೆ. ಚದುರಂಗ, ದಾಳ, ಕವಡೆಯಾಟಗಳಿಗೆ ಅಲ್ಲಿ ಸ್ಥಾನವಿದೆ. ಆಡಿದವರ ಗುರುತು ಕಲ್ಲಿನ ಮೇಲೂ ಉಳಿದಿದೆ. ಹಂಪಿಯ ಮಂಟಪಗಳ ನೆಲದಲ್ಲಿ ಚೌಕಾಬಾರದ ಮನೆಗಳನ್ನೂ ಹುಲಿ ಆಟದ ಗೆರೆಗಳನ್ನೂ ಇಂದಿಗೂ ಕಾಣಬಹುದು. ಅರಸರ ಗ್ರಂಥ ಆಟಗಳಿಗೆ ಹೆಸರು ಕೊಟ್ಟರೆ, ಮಂಟಪದ ನೆಲ ಅವನ್ನು ನಿಜವಾಗಿ ಆಡಿದ ಜಾಗವನ್ನು ತೋರಿಸುತ್ತದೆ.

ಚೌಕಾಬಾರ

ಐದು ಸಾಲು, ಐದು ಕಂಬದ 25 ಮನೆಗಳ ಮಣೆ. ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಅಡ್ಡಗೆರೆಯ ಗುರುತು ಇರುತ್ತದೆ. ಕಟ್ಟೆ ಎನ್ನುವ ಆ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ವರು ಆಡಬಹುದು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ದಾಳದ ಬದಲು ನಾಲ್ಕು ಕವಡೆ ಅಥವಾ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶವಿದೆ. ಕಾಯಿಗಳು ಹೊರಸುತ್ತನ್ನು ಒಂದು ದಿಕ್ಕಿನಲ್ಲಿ, ಒಳಸುತ್ತನ್ನು ಅದಕ್ಕೆ ಎದುರು ದಿಕ್ಕಿನಲ್ಲಿ ಸುತ್ತಿ ನಡುಮನೆ ಸೇರಬೇಕು. ಸೇರಿದ ಕಾಯಿ ಹಣ್ಣಾಯಿತು ಎನ್ನುತ್ತಾರೆ.

ಬೀಜಗಳು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತವೆ ಎಂದುಕೊಂಡರೆ 16 ಸಾಧ್ಯತೆಗಳಿವೆ. ಅವುಗಳಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ ಮತ್ತು ಬಾರ ತಲಾ 1 ಸಲ. ಸರಾಸರಿ ಒಂದು ಎಸೆತಕ್ಕೆ ಎರಡೂವರೆ ಮನೆ. ಹೊರಸುತ್ತಿನ 15 ನಡೆ, ಒಳಸುತ್ತಿನ 8, ನಡುಮನೆಗೆ 1 ಸೇರಿ ಒಂದು ಕಾಯಿ 24 ಮನೆ ನಡೆಯಬೇಕು. ಯಾರೂ ಹೊಡೆಯದಿದ್ದರೆ ಸುಮಾರು ಹತ್ತು ಎಸೆತದ ದಾರಿ. ಎದುರಾಳಿಯ ಕಾಯಿ ಎರಡು ಮನೆ ಹಿಂದಿದ್ದರೆ ಅಪಾಯ ಹೆಚ್ಚು, ನಾಲ್ಕು ಮನೆ ಹಿಂದಿದ್ದರೆ ಕಡಿಮೆ ಎಂಬುದನ್ನು ಓದುಬರಹ ಬಾರದ ಅಜ್ಜಿಯೂ ಬೆರಳಿನಲ್ಲೇ ಅಳೆಯುತ್ತಾಳೆ. ಅದೃಷ್ಟ ಮತ್ತು ಜಾಣ್ಮೆ ಎರಡೂ ಬೆರೆತಿರುವುದರಿಂದ ಮೊಮ್ಮಗ ಗೆಲ್ಲಬಲ್ಲ. ಆದರೆ ಅಜ್ಜಿ ಹೆಚ್ಚು ಸಲ ಗೆಲ್ಲುತ್ತಾಳೆ. ಎಂಟು ವರ್ಷದವರನ್ನೂ ಎಂಬತ್ತರವರನ್ನೂ ಒಂದೇ ಮಣೆಯ ಸುತ್ತ ಕೂರಿಸುವುದು ಈ ಬೆರಕೆಯೇ.

ನಿಯಮಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಆ ವ್ಯತ್ಯಾಸಗಳನ್ನು ತಿದ್ದುಪಡಿಯ ಗುರುತುಗಳಾಗಿ ಓದಬಹುದು. ಚೌಕ ಅಥವಾ ಬಾರ ಬಿದ್ದ ಹೊರತು ಕಾಯಿ ಇಳಿಸುವಂತಿಲ್ಲ ಎಂಬ ನಿಯಮದಲ್ಲಿ ಮೊದಲ ಕಾಯಿಗಾಗಿ ಸರಾಸರಿ 8 ಎಸೆತ ಕಾಯಬೇಕು. ನಾಲ್ವರು ಆಡುವಾಗ ಇದು ದೊಡ್ಡ ಕಾಯುವಿಕೆ, ಮಕ್ಕಳು ಅಷ್ಟರಲ್ಲಿ ಎದ್ದು ಓಡುತ್ತಾರೆ. ಒಂದು ಬಿದ್ದರೂ ಇಳಿಸಬಹುದು ಎಂದು ಸಡಿಲಿಸಿದರೆ ಕಾಯುವಿಕೆ ಮೂರು ಎಸೆತಕ್ಕಿಂತ ಕಡಿಮೆಯಾಗುತ್ತದೆ. ಎಲ್ಲ ಕಾಯಿಗಳನ್ನೂ ಮೊದಲೇ ಮಣೆಯ ಮೇಲಿಟ್ಟು ಶುರುಮಾಡುವ ಮನೆಗಳಲ್ಲಿ ಕಾಯುವುದೇ ಇಲ್ಲ. ಸತತ ಮೂರು ಸಲ ಚೌಕ-ಬಾರ ಬಿದ್ದರೆ ಲೆಕ್ಕಕ್ಕಿಲ್ಲ ಎಂಬ ಕಟ್ಟಳೆಯ ಸಂದರ್ಭ ಬರುವುದು 512 ಸಲಕ್ಕೊಮ್ಮೆ. ಅಷ್ಟು ಅಪರೂಪದ ಅತಿ ಅದೃಷ್ಟ ಉಳಿದ ಮೂವರ ಆಸಕ್ತಿಯನ್ನು ಕೊಂದದ್ದನ್ನು ಯಾರೋ ಕಣ್ಣಾರೆ ಕಂಡಿರಬೇಕು.

ಆಟದ ಪ್ರಾಣವಿರುವುದು ಇನ್ನೊಂದು ನಿಯಮದಲ್ಲಿ: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ಕಟ್ಟಳೆ ಇಲ್ಲದಿದ್ದರೆ ಪ್ರತಿಯೊಬ್ಬರೂ ತಮ್ಮ ಕಾಯಿಯನ್ನು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾರಿಸಿಕೊಂಡು ಸುಮ್ಮನೆ ಮನೆ ಸೇರುತ್ತಿದ್ದರು. ಇದು ಬಂದೊಡನೆ ಎಲ್ಲರೂ ಎಲ್ಲರ ಕಾಯಿಯ ಮೇಲೂ ಕಣ್ಣಿಡಬೇಕಾಗುತ್ತದೆ. ತನ್ನ ಸರದಿ ಅಲ್ಲದಾಗಲೂ ಆಟಗಾರ ಮಣೆಯಿಂದ ಕಣ್ಣು ತೆಗೆಯುವುದಿಲ್ಲ.

ಹುಲಿ-ಕುರಿ ಆಟ

ಹುಲಿಘಟ್ಟ, ಆಡು-ಹುಲಿ ಎಂಬ ಹೆಸರುಗಳೂ ಇದಕ್ಕಿವೆ. ಗೋಪುರದಂಥ ತ್ರಿಕೋನಕ್ಕೆ ಅಡ್ಡಪಟ್ಟಿ ಸೇರಿಸಿದ ಚಿತ್ರ. ಶಿಖರದಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ತಲಾ 6, ಬುಡದಲ್ಲಿ 4, ಒಟ್ಟು 23 ಬಿಂದುಗಳು. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಕುರಿಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಎಲ್ಲವನ್ನೂ ಇಟ್ಟು ಮುಗಿಸುವ ತನಕ ಕುರಿ ನಡೆಯುವಂತಿಲ್ಲ, ಹುಲಿಗೆ ಮಾತ್ರ ನಡೆ. ಪಕ್ಕದ ಕುರಿಯ ಹಿಂದೆ ನೇರಗೆರೆಯಲ್ಲಿ ಜಾಗ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಹುಲಿಗಳೆಲ್ಲ ಅಲುಗಾಡದಂತೆ ದಾರಿ ಕಟ್ಟಿದರೆ ಕುರಿಯವನ ಗೆಲುವು.

ಇಲ್ಲಿ ಎರಡೂ ಕಡೆಯ ಬಲ ಒಂದೇ ಬಗೆಯದಲ್ಲ. ಒಬ್ಬನದು ಹಲ್ಲಿನ ಬಲ, ಇನ್ನೊಬ್ಬನದು ಎಣಿಕೆಯ ಬಲ. ಇಂಥ ಅಸಮ ಆಟವನ್ನು ತೂಗಿಸುವುದು ವಿನ್ಯಾಸಕಾರರಿಗೆ ಬಲು ಕಷ್ಟದ ಕೆಲಸ: ಒಂದು ಕುರಿ ಹೆಚ್ಚಾದರೆ ಹುಲಿ ಸೋಲುತ್ತದೆ, ನಾಲ್ಕು ಗೆರೆ ಹೆಚ್ಚಾದರೆ ಮಂದೆ ಉಳಿಯುವುದಿಲ್ಲ. ಹೊಸಬ ಮೊದಲ ಕುರಿಯನ್ನು ನಡುವಿನಲ್ಲಿಟ್ಟು ಕಳೆದುಕೊಳ್ಳುತ್ತಾನೆ. ಮೂಲೆಯ ಬಿಂದುವಿನಲ್ಲಿ ಇಟ್ಟರೆ ಹಿಂದೆ ಹಾರುವ ಜಾಗವೇ ಇಲ್ಲ ಎಂಬುದು ಎರಡನೆಯ ಆಟದಲ್ಲಿ ಹೊಳೆಯುತ್ತದೆ. ಕುರಿಗೆ ಕುರಿಯೇ ಬೆನ್ನಾಗಿ ನಿಲ್ಲಬೇಕೆಂದು ಮೂರನೆಯ ಆಟದಲ್ಲಿ ಕಲಿಯುತ್ತಾನೆ. ಯಾರೂ ಪಾಠ ಹೇಳಬೇಕಾಗಿಲ್ಲ, ಸೋಲೇ ಹೇಳಿಕೊಡುತ್ತದೆ. ಮಂದೆ ಕಾಯುವವರ ಮಕ್ಕಳಿಗೆ ಅದು ಬದುಕಿನ ಪಾಠವೂ ಹೌದು. ಇಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂದು ಕೆಲವೆಡೆ ಮೊದಲೇ ನಿಗದಿ ಮಾಡುತ್ತಾರೆ. ಮಂದೆ ಕರಗಿದ ಮೇಲೆ ದಾರಿ ಕಟ್ಟುವುದು ಸಾಧ್ಯವೇ ಇಲ್ಲ. ಸೋತದ್ದು ಖಚಿತವಾದ ಮೇಲೂ ಆಡುತ್ತ ಕೂರುವ ಬೇಸರವನ್ನು ಈ ನಿಯಮ ಕತ್ತರಿಸುತ್ತದೆ.

ಜನರ ಕೈ ಎಷ್ಟು ನಿಖರವಾಗಿ ತೂಗಬಲ್ಲದು ಎಂಬುದಕ್ಕೆ ಈ ಆಟದ ನೇಪಾಳಿ ಸೋದರ ಬಾಘ್‌ಚಾಲ್ ಸಾಕ್ಷಿ. ಅದರಲ್ಲಿ 25 ಬಿಂದು, 4 ಹುಲಿ, 20 ಆಡು. ಈ ಶತಮಾನದ ಮೊದಲ ದಶಕದಲ್ಲಿ ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಅದನ್ನು ಗಣಕದಿಂದ ಜಾಲಾಡಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗಿ ಮುಗಿಯುತ್ತದೆ ಎಂದು ಅವರ ಕೆಲಸದಿಂದ ತಿಳಿಯಿತು. ಹೆಸರಿಲ್ಲದ ಜನ ಕಟ್ಟಿದ ಆಟದಲ್ಲಿ ಹುಲಿಗೂ ಆಡಿಗೂ ಅನ್ಯಾಯವಾಗಿರಲಿಲ್ಲ.

ಅರಮನೆಯ ಪ್ರಯೋಗಗಳು

ಹೆಸರು ತಿಳಿದಿರುವ ಕರ್ನಾಟಕದ ಆಟ ವಿನ್ಯಾಸಕಾರರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅಗ್ರಗಣ್ಯರು. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅವರ ಆಸಕ್ತಿ ಕಲೆ, ಗ್ರಂಥರಚನೆ, ಆಟಗಳ ಕಡೆ ಹರಿಯಿತು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯ ವಸ್ತು ಆಟಗಳೇ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಕುದುರೆ ನಡೆಯ ಸಮಸ್ಯೆಗಳನ್ನು ಅವರು ರಚಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಕಾಲದ ಮಣೆಯಾಟಗಳ ಚಿತ್ರಗಳಿವೆ.

ಗಂಜೀಫ ಎಲೆಗಳ ಆಟವನ್ನು ಅವರು ಬಹಳ ಹಿಗ್ಗಿಸಿದರು. ಛದ ಎಂಬ ಮೈಸೂರಿನ ಗಂಜೀಫ ಆಟಗಳಲ್ಲಿ ಒಂದು ಬಣಕ್ಕೆ 12 ಸಂಖ್ಯೆಯ ಎಲೆ, 6 ಆಸ್ಥಾನದ ಎಲೆ. ಕೆಲವು ಕಟ್ಟುಗಳಲ್ಲಿ ಎಲೆಗಳು 360ರವರೆಗೆ ಹೋಗುತ್ತಿದ್ದವು. ಚಿತ್ರಕಲೆಯ ದೃಷ್ಟಿಯಿಂದ ಅವು ಅನರ್ಘ್ಯ. ಆದರೆ ಆಟಗಳಾಗಿ ಅರಮನೆಯ ಆವರಣ ದಾಟಿ ಜನರ ನಡುವೆ ಬೇರುಬಿಡಲಿಲ್ಲ. 360 ಎಲೆಗಳನ್ನು ನೆನಪಿಡುವ ಭಾರ, ಕೈಯಿಂದ ಬರೆದ ಕಟ್ಟಿನ ಬೆಲೆ ಎರಡೂ ಅಡ್ಡಬಂದವು. ಬೇರೆ ಬೇರೆ ಮನೆಗಳ ಕೈಗೆ ಹೋಗಿ ತಿರುಗಿ ಬರುವ ಅವಕಾಶವೂ ಅವುಗಳಿಗೆ ಸಿಗಲಿಲ್ಲ. ಕಲ್ಪನೆಯ ಶಕ್ತಿಯಲ್ಲಿ ಮುಮ್ಮಡಿಯವರಿಗೆ ಸಮಾನರಾದ ವಿನ್ಯಾಸಕಾರರು ವಿರಳ. ಅವರಿಗೆ ಸಿಗದೇ ಹೋದದ್ದು ಹಳ್ಳಿಕಟ್ಟೆಯ ಆಟಗಾರರ ಒರಟು ಪ್ರಾಮಾಣಿಕತೆ.

ಅಚ್ಚಿನ ಕಾಲ

ಪಚೀಸಿ ಎಂಬ ಕವಡೆಯಾಟವನ್ನು ಸರಳಗೊಳಿಸಿ, ಕವಡೆಯ ಬದಲು ಆರುಮುಖದ ದಾಳವಿಟ್ಟು ರೂಪಿಸಿದ ಲೂಡೋಗೆ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ಮೋಕ್ಷಪಟ ಅಲ್ಲಿ ಹಾವು-ಏಣಿಯಾಯಿತು. ಅಚ್ಚಾದ ರಟ್ಟಿನ ಜೊತೆ ಅಚ್ಚಾದ ನಿಯಮಗಳೂ ಬಂದವು. ಇದರಿಂದ ಜಗಳ ಕಡಿಮೆಯಾದರೂ ನಿಯಮ ತಿದ್ದುವ ಅಧಿಕಾರ ಆಟಗಾರರಿಂದ ಮೆಲ್ಲನೆ ಜಾರಿತು.

ಗಣಕದ ಕಾಲ

1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಗಣಕ ಆಟಗಳ ಉದ್ಯಮಕ್ಕೆ ಬುನಾದಿ ಹಾಕಿದ ಸಂಸ್ಥೆಗಳಲ್ಲೊಂದು. 2010ರಲ್ಲಿ ಅಮೆರಿಕದ ಜಿಂಗಾ ಬೆಂಗಳೂರಿಗೆ ಬಂತು. 2013ರಲ್ಲಿ ಇಲ್ಲಿಯೇ ಶುರುವಾದ ಮೂನ್‌ಫ್ರಾಗ್ ಲ್ಯಾಬ್ಸ್ ತೀನ್ ಪತ್ತಿಯಂಥ ಮನೆಯಾಟವನ್ನು ಮೊಬೈಲಿಗೆ ತಂದಿತು. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್‌ಗಾಗಿ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು.

ಆಡಿ ನೋಡುವಿಕೆ ಶಾಸ್ತ್ರವಾದದ್ದು ಈ ಕಾಲದಲ್ಲಿ. ಸವಾಲು ಸಾಮರ್ಥ್ಯಕ್ಕಿಂತ ಬಹಳ ಹೆಚ್ಚಾದರೆ ಆತಂಕ, ಬಹಳ ಕಡಿಮೆಯಾದರೆ ಬೇಸರ, ಎರಡೂ ಹೊಂದಿದಾಗ ತಲ್ಲೀನತೆ ಎಂದು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1975ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. 2002ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಏಜ್ ಆಫ್ ಎಂಪೈರ್ಸ್ 2 ಆಟದ ಕಲಿಕೆಯ ಭಾಗವನ್ನು ತಿದ್ದಿದ ಬಗೆಯನ್ನು ಪ್ರಕಟಿಸಿದರು. ನೂರಾರು ಜನರ ವರದಿಗೆ ಕಾಯದೆ, ಒಬ್ಬರೋ ಇಬ್ಬರೋ ತೊಡರಿದೊಡನೆ ದೋಷ ತಿದ್ದಿ, ತಿದ್ದಿದ್ದನ್ನು ಮುಂದಿನ ಆಟಗಾರನ ಮುಂದಿಟ್ಟು ನೋಡುವುದು ಆ ವಿಧಾನ.

ಪರೀಕ್ಷೆಯ ಕ್ರಮ ಸರಳ. ಮೊದಲು ಕಾಗದದ ಮೇಲೆ ಆಟ ಬರೆದು ರಚಿಸಿದವರೇ ಆಡುತ್ತಾರೆ. ಆಮೇಲೆ ಗೆಳೆಯರು, ಕೊನೆಗೆ ಪರಿಚಯವೇ ಇಲ್ಲದವರು. ರಚಿಸಿದಾತ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು, ಏಕೆಂದರೆ ಆಟ ಮಾರುಕಟ್ಟೆಗೆ ಹೋದಾಗ ವಿವರಿಸಲು ಆತ ಅಲ್ಲಿರುವುದಿಲ್ಲ. ಹೇಗಿತ್ತು ಎಂದು ಕೇಳಿದರೆ ಜನ ಸೌಜನ್ಯಕ್ಕೆ ಚೆನ್ನಾಗಿತ್ತು ಎನ್ನುತ್ತಾರೆ. ಇನ್ನೊಂದಾಟ ಆಡೋಣವೇ ಎಂದು ತಾವಾಗಿ ಕಾಯಿ ಜೋಡಿಸಿದರೆ ಅದು ನಿಜವಾದ ಉತ್ತರ.

ಮೊಬೈಲಿನಲ್ಲಿ ಪ್ರತಿ ಬೆರಳೊತ್ತೂ ದಾಖಲಾಗುತ್ತದೆ. ಲಕ್ಷಾಂತರ ಜನರ ಮೇಲೆ ಎರಡು ರೂಪಗಳನ್ನು ಒಟ್ಟಿಗೆ ಪರೀಕ್ಷಿಸಬಹುದು. ಇದರಿಂದ ಒಳ್ಳೆಯ ಆಟಗಳು ಬಂದಿವೆ. ಏಳಲಾಗದಂತೆ ಕಟ್ಟಿಹಾಕುವ ಆಟಗಳೂ ಬಂದಿವೆ. ಹಿಡಿದು ಕೂರಿಸುವುದು ಬೇರೆ, ಕಟ್ಟಿಹಾಕುವುದು ಬೇರೆ. ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದ ಮೇಲೆ ಆಟ ಮುಗಿಯುತ್ತದೆ, ಎಲ್ಲರೂ ಎದ್ದು ಕುರಿ ಹೊಡೆದುಕೊಂಡು ಹೋಗುತ್ತಾರೆ. ಆ ಮುಕ್ತಾಯವೂ ವಿನ್ಯಾಸದ ಭಾಗ.

ಇಂದಿನ ಸ್ಥಿತಿ

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಪ್ರದರ್ಶನಗಳ ಮೂಲಕ ಮಣೆಯಾಟಗಳನ್ನು ಮತ್ತೆ ಜನರ ಮುಂದೆ ತಂದಿದೆ. ಬಟ್ಟೆಯ ಮೇಲೆ ಹೊಲಿದ ಚೌಕಾಬಾರದ ಹಾಸುಗಳೂ ಮರದ ಅಳಿಗುಳಿ ಮಣೆಗಳೂ ಮತ್ತೆ ಅಂಗಡಿಗೆ ಬಂದಿವೆ. ಆದರೆ ಉಳಿಸಬೇಕಾದದ್ದು ಮಣೆಯಷ್ಟೇ ಅಲ್ಲ. ಒಂದೊಂದು ಊರಿನ ಕಟ್ಟಳೆ ಅಲ್ಲಿನ ಜನ ಆಡಿ ನೋಡಿ ಕಂಡುಕೊಂಡ ಒಂದು ತೀರ್ಮಾನ. ನನ್ನಿವಾಳದಲ್ಲೋ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲೋ ಹಿರಿಯರು ಆಡುವಾಗ ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಮೂರು ಪ್ರಶ್ನೆ ಕೇಳಬೇಕು: ಕಾಯಿ ಇಳಿಸಲು ಏನು ಬೀಳಬೇಕು, ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ, ಯಾಕೆ ಹಾಗೆ. ಮೂರನೆಯ ಪ್ರಶ್ನೆಯ ಉತ್ತರ ಅಚ್ಚಿನ ನಿಯಮಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಅದನ್ನು ಬಲ್ಲವರು ಇನ್ನೂ ಕಟ್ಟೆಯ ಮೇಲೆ ಕೂತಿರುವಾಗಲೇ ಕೇಳಿ ಬರೆದಿಡಬೇಕು.