ದೀಪಸ್ತಂಭದ ಅಕ್ಷರಗಳು

ಹಂಪೆಗೆ ಪ್ರವಾಸ ಹೋದವರು ವಿರೂಪಾಕ್ಷ ದೇವಾಲಯದ ಗೋಪುರವನ್ನೂ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೂ ಉಗ್ರನರಸಿಂಹನ ಬೃಹದ್ವಿಗ್ರಹವನ್ನೂ ಕಂಡು ಬೆರಗಾಗಿ ಮರಳುವುದು ವಾಡಿಕೆ. ದೊಡ್ಡದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅದಕ್ಕೆ ನಮ್ಮ ಪ್ರಯತ್ನ ಬೇಡ. ಆದರೆ ಒಂದು ನಗರದ ನಿಜವಾದ ಚರಿತ್ರೆ ಅನೇಕ ವೇಳೆ ಕಂಬದ ಮೈಮೇಲೆ, ಬಾಗಿಲಿನ ಪಕ್ಕದಲ್ಲಿ, ಲಲಾಟಬಿಂಬದಲ್ಲಿ ಅಡಗಿರುತ್ತದೆ. ವಿಜಯನಗರದ ಜೈನ ಚರಿತ್ರೆಯ ಮಟ್ಟಿಗಂತೂ ಈ ಮಾತು ಅಕ್ಷರಶಃ ಸತ್ಯ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ಹಾದಿಯಲ್ಲಿ, ಭೀಮನ ಬಾಗಿಲಿನ ಸಮೀಪ, ಉತ್ತರಾಭಿಮುಖವಾದ ಒಂದು ಬಸದಿಯಿದೆ. ಜನರು ಇದನ್ನು ಗಾಣಗಿತ್ತಿ ಬಸದಿ ಎನ್ನುತ್ತಾರೆ. ಇಂದು ಇದರ ಗರ್ಭಗೃಹದಲ್ಲಿ ಜಿನಬಿಂಬವಿಲ್ಲ. ಒಳಹೊಕ್ಕು ಬರಿದಾದ ಪೀಠವನ್ನು ಕಂಡವರು ನೋಡುವುದಕ್ಕೆ ಇನ್ನೇನೂ ಇಲ್ಲವೆಂದು ಹಿಂದಿರುಗುತ್ತಾರೆ. ಆದರೆ ಬಸದಿಯ ಮುಂದೆ ನಿಂತಿರುವ ಏಕಶಿಲೆಯ ದೀಪಸ್ತಂಭವೇ ಇಲ್ಲಿ ಬಾಯಿಬಿಟ್ಟು ಮಾತನಾಡುವ ಸಾಕ್ಷಿ. ಅದರ ಮೇಲೆ ಇಪ್ಪತ್ತೆಂಟು ಸಂಸ್ಕೃತ ಶ್ಲೋಕಗಳ ಶಾಸನವಿದೆ.

ಶಾಸನವು ಜಿನಸ್ತುತಿಯಿಂದ ಆರಂಭವಾಗಿ ಮೂಲಸಂಘ, ನಂದಿಸಂಘ, ಬಲಾತ್ಕಾರಗಣ, ಸರಸ್ವತೀಗಚ್ಛದ ಆಚಾರ್ಯ ಪರಂಪರೆಯನ್ನು ಹೇಳುತ್ತದೆ. ಆ ಬಳಿಕವೇ ಬುಕ್ಕರಾಯ, ಹರಿಹರರ ಹೆಸರುಗಳು ಬರುತ್ತವೆ. ಹರಿಹರನ ಕುಲಕ್ರಮಾಗತ ಮಂತ್ರಿಯಾದ ಚೈಚಪನ ಮಗ ಇರುಗಪ್ಪ ದಂಡನಾಯಕನು, ಕರ್ಣಾಟ ದೇಶದ ಕುಂತಲ ನಾಡಿನಲ್ಲಿರುವ ವಿಜಯನಗರದಲ್ಲಿ, ಹದಿನೇಳನೆಯ ತೀರ್ಥಂಕರರಾದ ಕುಂಥುಜಿನನಾಥರಿಗೆ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಶಾಸನ ಸಾರುತ್ತದೆ. ಕಾಲ ಶಕವರ್ಷ 1307, ಕ್ರೋಧನ ಸಂವತ್ಸರ; ಎಂದರೆ ಕ್ರಿ.ಶ. 1385-86. ಈ ಇರುಗಪ್ಪನು ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃ. ಕಾಂಚೀಪುರದ ಬಳಿಯ ತಿರುಪ್ಪರುತ್ತಿಕುನ್ರದ ಜಿನಾಲಯಕ್ಕೆ ಸಂಗೀತಮಂಟಪವನ್ನು ಕಟ್ಟಿಸಿದ ದಾನಿ. ಜನರ ನಾಲಗೆಯ ಮೇಲೆ ಉಳಿದದ್ದು ಗಾಣಗಿತ್ತಿಯ ಹೆಸರು. ಇರುಗಪ್ಪನ ಹೆಸರನ್ನು ಉಳಿಸಿದ್ದು ಆ ಕಂಬ. ಕಂಬದ ಮೈ ಸವೆದುಹೋಗಿದ್ದರೆ ಕಟ್ಟಿಸಿದವನಾರೆಂದು ತಿಳಿಯುವ ದಾರಿಯೇ ಇಲ್ಲಿ ಮುಚ್ಚಿಹೋಗುತ್ತಿತ್ತು.

ಇದೇ ನಗರದಲ್ಲಿ ಇನ್ನೊಂದು ಪಾಳುಬಸದಿಯ ಬಾಗಿಲಿನ ಎರಡು ಪಕ್ಕಗಳಲ್ಲಿಯೂ ಅಕ್ಷರಗಳಿವೆ. ಇಮ್ಮಡಿ ದೇವರಾಯನು ಶಕವರ್ಷ 1348ರಲ್ಲಿ, ಎಂದರೆ ಕ್ರಿ.ಶ. 1426ರಲ್ಲಿ, ಪಾರ್ಶ್ವನಾಥ ಸ್ವಾಮಿಗೆ ಶಿಲಾಚೈತ್ಯಾಲಯವನ್ನು ಮಾಡಿಸಿದ ವಿಷಯವನ್ನು ಅವು ತಿಳಿಸುತ್ತವೆ. ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೆಂದರೆ ಬೀದಿಯ ಹೆಸರು. ಅದನ್ನು ಶಾಸನವು ಅಡಿಕೆ ಮತ್ತು ಎಲೆಗಳ ಅಂಗಡಿಬೀದಿ ಎಂದು ಗುರುತಿಸುತ್ತದೆ. ಇಂದಿನ ಮಾತಿನಲ್ಲಿ ಪಾನ್ ಸುಪಾರಿ ಬಜಾರು. ಅರಸನು ಕಟ್ಟಿಸಿದ ಜಿನಾಲಯವು ಊರಾಚೆಯ ಏಕಾಂತದಲ್ಲಿರಲಿಲ್ಲ; ಕೊಳ್ಳುವವರೂ ಮಾರುವವರೂ ಓಡಾಡುವ ಬೀದಿಯಲ್ಲಿತ್ತು. ನಗರಜೀವನದಲ್ಲಿ ನಮ್ಮ ಹಿರಿಯರಿಗಿದ್ದ ಸ್ಥಾನವನ್ನು ಈ ಒಂದು ಪದ ತೋರಿಸಿಕೊಡುತ್ತದೆ.

ಸೂಕ್ಷ್ಮವಾಗಿ ನೋಡುವುದರಿಂದ ಲಾಭವಷ್ಟೇ ಆಗುತ್ತದೆಂದು ತಿಳಿಯಬಾರದು. ಹೇಮಕೂಟದ ಮೇಲಿನ ಮೆಟ್ಟಿಲುಮೆಟ್ಟಿಲಾದ ಶಿಖರಗಳುಳ್ಳ ಗುಡಿಗಳನ್ನು ಬಹುಕಾಲ ಜೈನ ಬಸದಿಗಳೆಂದೇ ಕರೆಯಲಾಗುತ್ತಿತ್ತು. ಗಾಣಗಿತ್ತಿ ಬಸದಿಯ ಶಿಖರವೂ ಅದೇ ಬಗೆಯದಾದ್ದರಿಂದ ಈ ಭ್ರಮೆ ಸಹಜವೇ. ಆದರೆ ಅಲ್ಲಿನ ಶಾಸನವೊಂದು ಕಂಪಿಲರಾಯನು ಶಿವಾಲಯವನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ಅವು ಶೈವ ದೇವಾಲಯಗಳೆಂಬುದು ಈಗ ವಿದ್ವಾಂಸರ ಒಮ್ಮತದ ನಿರ್ಣಯ. ನಮ್ಮದಲ್ಲದ್ದನ್ನು ನಮ್ಮದೆಂದು ಹೇಳದಿರುವುದೂ ಅಚೌರ್ಯವ್ರತದ ಒಂದು ಅಂಗವೇ ಅಲ್ಲವೇ? ಇರುವ ಅಕ್ಷರವನ್ನು ಓದಿ ನಮ್ಮದನ್ನು ಪಡೆಯುವ ಪ್ರಾಮಾಣಿಕತೆಯೇ, ಓದಿ ಪರರದನ್ನು ಬಿಟ್ಟುಕೊಡುವಾಗಲೂ ಇರಬೇಕು.

ಈ ವಿಷಯದಲ್ಲಿ ವಿಜಯನಗರದ ಅರಸರೇ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದ್ದಾರೆ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದಲ್ಲಿರುವ 1368ರ ಶಾಸನವು, ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ಬಗೆಯನ್ನು ವಿವರಿಸುತ್ತದೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ಪ್ರಸಂಗವನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಅದರ ಮುಂದಿನ ಸಾಲುಗಳನ್ನು ಗಮನಿಸುವವರು ಕಡಿಮೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಕೂಡಿಸಿ, ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದನ್ನು ಜೀರ್ಣ ಜಿನಾಲಯಗಳ ದುರಸ್ತಿಗೆ ವಿನಿಯೋಗಿಸಬೇಕೆಂಬ ವ್ಯವಸ್ಥೆ ಅಲ್ಲಿದೆ. ಸೌಹಾರ್ದವು ಸವಿನುಡಿಯಲ್ಲಿ ಮುಗಿಯದೆ, ಮನೆಯ ಲೆಕ್ಕ, ಕಾವಲಿನ ಸಂಖ್ಯೆ, ಶಿಥಿಲಗೊಂಡ ಬಸದಿಗಳ ಆರೈಕೆ ಇವುಗಳವರೆಗೂ ಇಳಿದುಬಂದಿತ್ತು.

ಜೀರ್ಣೋದ್ಧಾರವು ಮಹಾಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ಧಾರದ ಹೆಸರಿನಲ್ಲಿ ಅಕ್ಷರಗಳು ಅಳಿಯಬಾರದು. ಹಳೆಯ ನೆಲಗಲ್ಲುಗಳ ಮೇಲೆ ನುಣುಪಾದ ಗ್ರಾನೈಟ್ ಹಾಸಿದಾಗ, ಕಂಬಗಳಿಗೆ ಎಣ್ಣೆಬಣ್ಣ ಬಳಿದಾಗ, ಮುರಿದ ನಿಷಿಧಿಗಲ್ಲನ್ನು ಮೆಟ್ಟಿಲಿಗೆ ಉಪಯೋಗಿಸಿದಾಗ, ಹೆಸರೊಂದು ಎರಡನೆಯ ಬಾರಿ ಸಾಯುತ್ತದೆ. ಹೊಸ ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಯಿಸುವ ನಾವು, ಹಳೆಯ ದಾನಿಗಳ ಹೆಸರನ್ನು ಸಿಮೆಂಟಿನಲ್ಲಿ ಮುಚ್ಚುವುದು ನ್ಯಾಯವೇ? ಟ್ರಸ್ಟಿನವರು ಕೆಲಸ ಆರಂಭಿಸುವ ಮುನ್ನ ಪ್ರತಿಯೊಂದು ಕಲ್ಲನ್ನೂ ನೋಡಿ, ಬರಹವುಳ್ಳ ಕಲ್ಲುಗಳ ಛಾಯಾಚಿತ್ರ ತೆಗೆಸಿ, ಪುರಾತತ್ತ್ವ ಇಲಾಖೆಗೆ ತಿಳಿಸಿ, ಬಲ್ಲವರಿಂದ ಅಚ್ಚು ತೆಗೆಸಿ ಓದಿಸಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಕಳೆದುಕೊಂಡರೆ ಯಾವ ವೆಚ್ಚದಿಂದಲೂ ಮರಳಿ ಬಾರದು.

ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ ಹೆಜ್ಜೆಯಿಡಬೇಕೆಂದು ಈರ್ಯಾಸಮಿತಿ ವಿಧಿಸುತ್ತದೆ. ಅದು ಸೂಕ್ಷ್ಮಜೀವಿಗಳ ರಕ್ಷಣೆಗಾಗಿ. ಆದರೆ ಸಣ್ಣದನ್ನು ತುಳಿಯದೆ ನಡೆಯುವ ಅಭ್ಯಾಸವು ಕಾಲಿಗೆ ಬಂದರೆ ಕಣ್ಣಿಗೂ ಬರುತ್ತದೆ. ಶ್ರಾವಕರಾದ ನಾವು ಪ್ರವಾಸದ ಅವಸರದಲ್ಲಿಯೂ ಮಕ್ಕಳನ್ನು ಒಂದು ಕಂಬದ ಮುಂದೆ ನಿಲ್ಲಿಸಿ, ಅಲ್ಲಿ ಏನು ಬರೆದಿದೆಯೆಂದು ಕೇಳಿದರೆ ಸಾಕು. ಓದಲಾಗದಿದ್ದರೂ, ಅಲ್ಲಿ ಓದುವಂಥದ್ದು ಇದೆಯೆಂಬ ಅರಿವು ಅವರ ಮನಸ್ಸಿನಲ್ಲಿ ಮೂಡುತ್ತದೆ. ಅರಿವು ಮೂಡಿದ ಮಗು ಆ ಕಲ್ಲಿನ ಮೇಲೆ ತನ್ನ ಹೆಸರನ್ನು ಗೀಚುವುದಿಲ್ಲ.