ಕಿದ್ವಾಯಿಗೆ ಜೊತೆಯಾಗಿ ಹೋದವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾರನ್ನಾದರೂ 'ಕಿದ್ವಾಯಿಗೆ ಒಯ್ದಾರ' ಎಂದರೆ ಮುಂದೆ ಪ್ರಶ್ನೆಯಿಲ್ಲ. ಕ್ಯಾನ್ಸರ್ ಎನ್ನಲು ಅಂಜುವ ನಾವು ಆ ಜಾಗದಲ್ಲಿ ಒಬ್ಬ ಮನುಷ್ಯನ ಹೆಸರನ್ನು ಇಟ್ಟುಕೊಂಡಿದ್ದೇವೆ. ರಫಿ ಅಹ್ಮದ್ ಕಿದ್ವಾಯಿ (1894-1954) ಉತ್ತರ ಪ್ರದೇಶದ ಬಾರಾಬಂಕಿ ಸೀಮೆಯ ಸ್ವಾತಂತ್ರ್ಯ ಹೋರಾಟಗಾರರು, ನೆಹರೂ ಸಂಪುಟದಲ್ಲಿ ಸಂಪರ್ಕ ಮತ್ತು ಆಹಾರ ಖಾತೆಗಳನ್ನು ನೋಡಿಕೊಂಡವರು. ಅವರ ಸ್ಮಾರಕವಾಗಿ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಸಂಸ್ಥೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು.

ಈ ರೋಗ ಹೊಸತಲ್ಲ. ಸಾವಿರ ವರ್ಷದ ಹಿಂದೆ ಸ್ಪೇನಿನ ಶಸ್ತ್ರವೈದ್ಯ ಅಲ್ ಝಹ್ರಾವಿ, ಗಡ್ಡೆ ಸಣ್ಣದಿದ್ದಾಗ ಕತ್ತರಿಸಬಹುದು, ಬಲಿತ ಮೇಲೆ ಮುಟ್ಟಬಾರದು ಎಂದು ಬರೆದಿದ್ದರು. ಬಲಿತ ರೋಗಕ್ಕೆ ಔಷಧದ ದಾರಿ ತೆರೆದದ್ದು 1940ರ ದಶಕದಲ್ಲಿ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತ ಕ್ಯಾನ್ಸರ್ ತಾತ್ಕಾಲಿಕವಾಗಿ ಇಳಿದುದನ್ನು ವರದಿ ಮಾಡಿದರು. ಅವರು ಬಳಸಿದ ಔಷಧದ ಹಿಂದೆ ಆಂಧ್ರದ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರ ಶ್ರಮವಿತ್ತು.

ಇದು ವೈದ್ಯರ ಚರಿತ್ರೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರ ಚರಿತ್ರೆಯನ್ನು ಯಾರೂ ಬರೆದಿಲ್ಲ. ನಮ್ಮ ತಾಲೂಕುಗಳಿಂದ ಬೆಂಗಳೂರು ಐನೂರು ಕಿಲೋಮೀಟರ್ ಆಸುಪಾಸು. ಸೊಲ್ಲಾಪುರ, ಮಿರಜ, ಹುಬ್ಬಳ್ಳಿಗೆ ಹೋಗುವವರೂ ಇದ್ದಾರೆ. ಕೀಮೋ ಒಂದು ಸಲದ ಸೂಜಿಯಲ್ಲ. ಅನೇಕರಿಗೆ ಎರಡು-ಮೂರು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುವಂಥದು. ಪ್ರತಿ ಸಲವೂ ಒಬ್ಬರು ಹೊಲ, ಕೂಲಿ, ಅಂಗಡಿ ಬಿಟ್ಟು ಹೊರಡಬೇಕು. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಗಳು ಬಡವರ ಚಿಕಿತ್ಸೆಯ ಭಾರವನ್ನು ಹಗುರ ಮಾಡಿದವು, ನಿಜ. ಆದರೆ ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಊಟ ಯಾವ ಕಾರ್ಡಿನಲ್ಲೂ ಇಲ್ಲ.

ಜೊತೆಗಿದ್ದವರ ಕೆಲಸ ಬರೀ ಕೈಹಿಡಿದು ಕೂರುವುದಲ್ಲ. ಕೀಮೋ ಪಡೆದ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು. ಆ ದಿನಗಳಲ್ಲಿ ನೆಗಡಿ-ಕೆಮ್ಮು ಇರುವ ನೆಂಟರು ದೂರವಿರುವುದೇ ಪ್ರೀತಿ.

ಇನ್ನೊಂದು ಕಠಿಣ ಮಾತು. ದೇಹದೆಲ್ಲೆಡೆ ಹಬ್ಬಿದ ರೋಗದಲ್ಲಿ ಕೀಮೋದ ಗುರಿ ಹೆಚ್ಚಾಗಿ ರೋಗವನ್ನು ಹಿಡಿದಿಡುವುದು, ನೋವು ತಗ್ಗಿಸುವುದು, ಪೂರ್ತಿ ವಾಸಿಮಾಡುವುದಲ್ಲ. ಇದನ್ನು ಮನೆಯ ಗಂಡಸರಿಗೆ ಹೇಳಲಾಗುತ್ತದೆ; ರೋಗಿಗೆ, ಅದರಲ್ಲೂ ರೋಗಿ ಹೆಂಗಸಾದರೆ, 'ಗಡ್ಡೆ ಅಷ್ಟೇ' ಎನ್ನಲಾಗುತ್ತದೆ. ಈ ಮುಚ್ಚುಮರೆಯನ್ನು ನಾವು ದಯೆ ಎಂದುಕೊಂಡಿದ್ದೇವೆ. ಆದರೆ ತೀರಿಸಬೇಕಾದ ಸಾಲ, ಕೇಳಬೇಕಾದ ಕ್ಷಮೆ, ಮಗಳಿಗೆ ಹೇಳಬೇಕಾದ ಮಾತು ಅವರಿಗೂ ಇರುತ್ತವಲ್ಲ? ತಿಳಿಯಬೇಕೋ ಬೇಡವೋ ಎಂದು ಅವರನ್ನೇ ಕೇಳುವುದು ನ್ಯಾಯ. ಕೀಮೋ ಸಾಕು ಎನಿಸಿದಾಗಲೂ ಆರೈಕೆ ಮುಗಿಯುವುದಿಲ್ಲ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಅಂಥವರನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ.

ರೋಗಿಯನ್ನು ಕಂಡು ಬರುವುದು ನಮ್ಮಲ್ಲಿ ಇಬಾದತ್ತಿಗೆ ಸಮ. ದಾಸೋಹ ಬಸವಣ್ಣನವರ ಹುಟ್ಟೂರಿನ ಪಾಠ. ಹಣ್ಣಿನ ಚೀಲ ಹಿಡಿದು ಹತ್ತು ನಿಮಿಷ ಕೂತು ಬರುವಲ್ಲಿಗೆ ಅದು ಮುಗಿಯಬಾರದು. ಮುಂದಿನ ಸಲದ ಕೀಮೋಗೆ 'ಈ ಸಾರಿ ನಾನು ಹೋಗ್ತೀನಿ, ನೀವು ಮನೆ ನೋಡ್ಕೊಳ್ರಿ' ಎನ್ನುವ ಒಬ್ಬರು ಪ್ರತಿ ಓಣಿಯಲ್ಲೂ ಸಿಕ್ಕರೆ ಸಾಕು.