ಮುಳ್ಳಿನಿಂದ ಮುಳ್ಳು ತೆಗೆಯುವ ಮದ್ದು: ನೋಸೋಡ್‌ಗಳ ಕಥೆ

ನಾಯಿ ಕಚ್ಚಿದರೆ ಏನು ಮಾಡಬೇಕು ಅಂತ ಊರಲ್ಲಿ ಹತ್ತು ಜನರನ್ನು ಕೇಳಿ, ಹತ್ತು ಉತ್ತರ ಬರುತ್ತವೆ. ಒಬ್ಬರು ಸುಣ್ಣ ಹಚ್ಚಿ ಅನ್ನುತ್ತಾರೆ. ಇನ್ನೊಬ್ಬರು ಪಕ್ಕದೂರಿನ ನಾಟಿ ಮದ್ದು ಅನ್ನುತ್ತಾರೆ. ಮತ್ತೊಬ್ಬರು ಹೋಮಿಯೋಪಥಿಯ ಸಕ್ಕರೆ ಗುಳಿಗೆ ಸಾಕು, ಅದು ಹುಚ್ಚುನಾಯಿಯ ಜೊಲ್ಲಿನಿಂದಲೇ ಮಾಡಿದ್ದು ಅನ್ನುತ್ತಾರೆ.

ಈ ಕೊನೆಯ ಮಾತು ಕಟ್ಟುಕಥೆಯಲ್ಲ. ಹುಚ್ಚುನಾಯಿಯ ಜೊಲ್ಲಿನಿಂದ ಮಾಡಿದ ಹೋಮಿಯೋಪಥಿ ಮದ್ದು ನಿಜವಾಗಿಯೂ ಇದೆ. ಅದರ ಹೆಸರು ಹೈಡ್ರೋಫೋಬಿನಂ, ಇನ್ನೊಂದು ಹೆಸರು ಲಿಸಿನ್. ಹೀಗೆ ಕಾಯಿಲೆಯ ಕೀವು, ರಕ್ತ, ಕಫ, ಜೊಲ್ಲುಗಳಿಂದ ತಯಾರಿಸುವ ಮದ್ದುಗಳಿಗೆ ನೋಸೋಡ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ನೋಸೋಸ್ ಅಂದರೆ ಕಾಯಿಲೆ. ಇವು ಎಲ್ಲಿಂದ ಬಂದವು, ನಂಬಿದರೆ ನಮ್ಮನ್ನು ಎಲ್ಲಿಗೆ ಮುಟ್ಟಿಸುತ್ತವೆ? ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಒಂದೇ ವರ್ಷ, ಎರಡು ದಾರಿ

1796ರಲ್ಲಿ ಯುರೋಪಿನಲ್ಲಿ ಎರಡು ಸಂಗತಿಗಳು ನಡೆದವು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಎಂಟು ವರ್ಷದ ಹುಡುಗನ ತೋಳಿಗೆ ಚುಚ್ಚಿ, ಅವನಿಗೆ ಮನುಷ್ಯರ ಸಿಡುಬು ತಗುಲುವುದಿಲ್ಲ ಎಂದು ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹ್ಯಾನಿಮನ್ ಒಂದು ಲೇಖನ ಬರೆದರು. ಆರೋಗ್ಯವಂತರಲ್ಲಿ ಯಾವ ಲಕ್ಷಣ ತರುವ ವಸ್ತುವೋ, ಅಂಥದೇ ಲಕ್ಷಣದ ರೋಗಿಗೆ ಅದೇ ಮದ್ದು ಎಂಬುದು ಅದರ ಸಾರ. ಅಲ್ಲಿಂದ ಹೋಮಿಯೋಪಥಿ ಶುರುವಾಯಿತು.

ಎರಡೂ ಮೇಲ್ನೋಟಕ್ಕೆ ಅಕ್ಕತಂಗಿಯರಂತೆ ಕಾಣುತ್ತವೆ. ನಮ್ಮ ಹಿರಿಯರು ಹೇಳುವ ಹಾಗೆ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಲೆಕ್ಕ. ಜೆನ್ನರ್ ಲಸಿಕೆ ಕೆಲವೇ ವರ್ಷಗಳಲ್ಲಿ ಮೈಸೂರಿಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ರಾಣಿಯರ ಚಿತ್ರ ಈ ಲಸಿಕೆಯ ಪ್ರಚಾರಕ್ಕಾಗಿಯೇ ಇತ್ತು ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ.

ಮೊದಲು ಬಂದಿದ್ದು ದನಗಳಿಗೆ

ನೋಸೋಡ್‌ಗಳ ಕಥೆ ಮನುಷ್ಯರಿಂದಲ್ಲ, ಕೊಟ್ಟಿಗೆಯಿಂದ ಶುರುವಾಗುತ್ತದೆ. ಜರ್ಮನಿಯ ಲೈಪ್‌ಜಿಗ್ ಊರಿನಲ್ಲಿ ಯೋಹಾನ್ ಜೋಸೆಫ್ ವಿಲ್‌ಹೆಲ್ಮ್ ಲಕ್ಸ್ ಎಂಬ ಪಶುವೈದ್ಯರಿದ್ದರು. ದನಗಳ ಅಂಟುರೋಗಕ್ಕೆ ಹೋಮಿಯೋಪಥಿಯಲ್ಲಿ ಏನು ಮದ್ದಿದೆ ಎಂದು ಹಂಗೇರಿಯಿಂದ ಒಬ್ಬರು ಅವರಿಗೆ ಕಾಗದ ಬರೆದರಂತೆ. ಲಕ್ಸ್ ಕೊಟ್ಟ ಉತ್ತರ ಹೊಸದಾಗಿತ್ತು: ಬೇರೆ ಮದ್ದು ಯಾಕೆ ಹುಡುಕುತ್ತೀರಿ, ಕಾಯಿಲೆ ಬಿದ್ದ ದನದ ರಕ್ತವನ್ನೇ ತೆಳುಮಾಡಿ ಕೊಡಿ. ಆಂಥ್ರಾಕ್ಸ್ ಬಂದ, ಅಂದರೆ ನೆರಡಿ ರೋಗದ ದನದ ರಕ್ತದಿಂದ ಅವರು ಆಂಥ್ರಾಸಿನಂ ಮಾಡಿದರು. 1833ರಲ್ಲಿ ಈ ವಿಚಾರವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು.

ಅದೇ ಕಾಲಕ್ಕೆ ಕಾನ್‌ಸ್ಟಂಟೀನ್ ಹೆರಿಂಗ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯರು ಹುಚ್ಚುನಾಯಿಯ ಜೊಲ್ಲಿನ ಮದ್ದು ತಯಾರಿಸಿದರು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಾವಿನ ವಿಷವನ್ನು ಮದ್ದಾಗಿಸಿದವರು ಇವರೇ. ಆಮೇಲೆ ಅಮೆರಿಕದಲ್ಲಿ ನೆಲೆಸಿ ಹೋಮಿಯೋಪಥಿಯನ್ನು ಅಲ್ಲಿ ಬೆಳೆಸಿದರು. ನೋಸೋಡ್ ಎಂಬ ಹೆಸರು ಇಟ್ಟವರೂ ಅವರೇ. ತಜ್ಜಿಯಿಂದ ಸೋರಿನಂ, ಸಿಡುಬಿನಿಂದ ವೇರಿಯೋಲಿನಂ, ಕ್ಷಯದಿಂದ ಬ್ಯಾಸಿಲಿನಂ ಹೀಗೆ ಪಟ್ಟಿ ಬೆಳೆಯುತ್ತಾ ಹೋಯಿತು. ಆದರೆ ಸ್ವತಃ ಹ್ಯಾನಿಮನ್‌ಗೆ ಈ ದಾರಿ ಪೂರ್ತಿ ಒಪ್ಪಿಗೆ ಇರಲಿಲ್ಲ. ತನ್ನದು ಹೋಲುವ ಮದ್ದಿನ ಪದ್ಧತಿ, ಅದೇ ಕಾಯಿಲೆಯನ್ನು ಮದ್ದು ಮಾಡುವುದಲ್ಲ ಎಂಬುದು ಅವರ ತಕರಾರು.

ಹೊಳೆಯಲ್ಲಿ ತೊಳೆದ ಹುಣಸೆಹಣ್ಣು

ಈಗ ಲೆಕ್ಕಕ್ಕೆ ಬರೋಣ. ಒಂದು ಹನಿ ರಕ್ತವನ್ನು 99 ಹನಿ ನೀರು ಅಥವಾ ಸ್ಪಿರಿಟ್‌ಗೆ ಹಾಕಿ ಚೆನ್ನಾಗಿ ಕುಲುಕುತ್ತಾರೆ. ಅದರಿಂದ ಒಂದು ಹನಿ ತೆಗೆದು ಮತ್ತೆ 99 ಹನಿಗೆ ಹಾಕುತ್ತಾರೆ. ಹೀಗೆ ಮೂವತ್ತು ಸಲ ಮಾಡಿದರೆ ಸೀಸೆಯ ಮೇಲೆ 30 ಎಂದು ಬರೆಯುವ ಮದ್ದು ಸಿದ್ಧ. ಒಂದರ ಮುಂದೆ ಅರವತ್ತು ಸೊನ್ನೆ ಬರೆಯಿರಿ, ಅಷ್ಟು ಪಾಲಿನಲ್ಲಿ ಒಂದು ಪಾಲು ಮೂಲವಸ್ತು. ಹನ್ನೆರಡನೇ ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ಇಲ್ಲ ಎನ್ನುತ್ತದೆ ರಸಾಯನಶಾಸ್ತ್ರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕುಲುಕುವುದರಿಂದ ಮದ್ದಿನ ಶಕ್ತಿ ನೀರಿನಲ್ಲಿ ಉಳಿಯುತ್ತದೆ ಎಂಬುದು ಹೋಮಿಯೋಪಥಿಯ ನಂಬಿಕೆ.

ಲಸಿಕೆಗೂ ನೋಸೋಡ್‌ಗೂ ವ್ಯತ್ಯಾಸ ಇಲ್ಲೇ ಇರುವುದು. ಲಸಿಕೆಯಲ್ಲಿ ಸತ್ತ ಅಥವಾ ಬಲ ಕುಂದಿದ ರೋಗಾಣು, ಇಲ್ಲವೇ ಅದರ ತುಣುಕು ಇರುತ್ತದೆ. ಅದನ್ನು ಕಂಡು ನಮ್ಮ ರಕ್ತ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. 30 ಎಂದು ಬರೆದ ನೋಸೋಡ್‌ನಲ್ಲಿ ರಕ್ತಕ್ಕೆ ಕಾಣಲು ಏನೂ ಇಲ್ಲ. ಮುಳ್ಳು ತೆಗೆಯಲು ಕೈಯಲ್ಲಿ ಮುಳ್ಳಾದರೂ ಇರಬೇಕಲ್ಲ.

ಬಯಲಲ್ಲಿ ನಡೆದ ಪರೀಕ್ಷೆ

ಲಕ್ಸ್ ಪುಸ್ತಕ ಬಂದು ಸುಮಾರು ಐವತ್ತು ವರ್ಷಕ್ಕೆ, 1881ರ ಮೇ ತಿಂಗಳಲ್ಲಿ, ಫ್ರಾನ್ಸಿನ ಪೂಯಿ-ಲೆ-ಫೋರ್ ಎಂಬ ಹಳ್ಳಿಯಲ್ಲಿ ಲೂಯಿ ಪಾಶ್ಚರ್ 24 ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ಹಾಕಿದರು. 24 ಕುರಿಗಳನ್ನು ಹಾಗೇ ಬಿಟ್ಟರು. ಆಮೇಲೆ ಎಲ್ಲವಕ್ಕೂ ಜೀವಂತ ರೋಗಾಣು ಚುಚ್ಚಿದರು. ಜೂನ್ 2ರಂದು ರೈತರು, ಪಶುವೈದ್ಯರು, ಪತ್ರಕರ್ತರು ಬಂದು ನೋಡಿದಾಗ ಲಸಿಕೆ ಪಡೆದ ಕುರಿಗಳು ನಿಂತಿದ್ದವು, ಪಡೆಯದವು ಸತ್ತಿದ್ದವು ಇಲ್ಲವೇ ಸಾಯುತ್ತಿದ್ದವು. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗ ಪಾಶ್ಚರ್ ಚುಚ್ಚುಮದ್ದು ಪಡೆದು ಬದುಕಿಕೊಂಡ.

ಹೆರಿಂಗ್ ಪಾಶ್ಚರ್‌ಗಿಂತ ಅರ್ಧ ಶತಮಾನ ಮೊದಲೇ ರೇಬಿಸ್‌ಗೆ ಮದ್ದು ಯೋಚಿಸಿದ್ದರು ಎಂದು ಹೋಮಿಯೋಪಥಿಯವರು ಹೆಮ್ಮೆಯಿಂದ ಹೇಳುತ್ತಾರೆ. ಯೋಚಿಸಿದ್ದು ನಿಜ. ಆದರೆ ಮೊದಲು ಯೋಚಿಸಿದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ಕೊಟ್ಟವರನ್ನೂ ಕೊಡದವರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬೇಕು.

ನೋಸೋಡ್‌ಗೆ ಅಂಥ ಪರೀಕ್ಷೆ ಬಹಳ ತಡವಾಗಿ ಆಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ನಾಯಿಮರಿಗಳಿಗೆ ಪಾರ್ವೋ ರೋಗದ ನೋಸೋಡ್ ಕೊಟ್ಟು, ನಂತರ ವೈರಸ್‌ಗೆ ಒಡ್ಡಿದರು. ನೋಸೋಡ್ ಮರಿಗಳನ್ನು ಕಾಯಲಿಲ್ಲ. 2018ರಲ್ಲಿ ಕೆನಡಾದಲ್ಲಿ 150 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಡಾರ, ಧನುರ್ವಾಯು, ನಾಯಿಕೆಮ್ಮು ಮೊದಲಾದವಕ್ಕೆ ಮಾಡಿದ ನೋಸೋಡ್ ತೆಗೆದುಕೊಂಡವರ ರಕ್ತದಲ್ಲಿ ಪ್ರತಿಕಾಯ ಏರಲಿಲ್ಲ, ಲಸಿಕೆ ಪಡೆದವರಲ್ಲಿ ಏರಿತು. ನೋಸೋಡ್ ಲಸಿಕೆಗೆ ಬದಲಿಯಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕೆಂದು ಕೆನಡಾ ಸರ್ಕಾರ ಅದಕ್ಕೂ ಮೊದಲೇ ಹೇಳಿತ್ತು.

ಎದುರು ವಾದವೂ ಇದೆ. 2007ರಲ್ಲಿ ಕ್ಯೂಬಾ ದೇಶದಲ್ಲಿ ಇಲಿಜ್ವರ ತಡೆಯಲು 20 ಲಕ್ಷಕ್ಕೂ ಹೆಚ್ಚು ಜನರಿಗೆ ನೋಸೋಡ್ ಹಂಚಿದರು. ಕಾಯಿಲೆ ಇಳಿಯಿತು ಎಂದು ವರದಿ ಮಾಡಿದರು. ಆದರೆ ಅಲ್ಲಿ ಚೀಟಿ ಎತ್ತಿ ಎರಡು ಗುಂಪು ಮಾಡಿರಲಿಲ್ಲ. ಇಲಿಜ್ವರ ಮಳೆ ನೆರೆಯ ಜೊತೆ ಏರಿ ತಾನಾಗಿ ಇಳಿಯುವ ಕಾಯಿಲೆ ಎಂದು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ನೆಲದಲ್ಲಿ

ಹೋಮಿಯೋಪಥಿ ನಮಗೆ ಹೊಸದಲ್ಲ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರುಮಾಡಿದರು. ವೈದ್ಯರೇ ಸಿಗದ ಕಾಲದಲ್ಲಿ ಅದು ಎಷ್ಟೋ ಜನರಿಗೆ ಆಸರೆಯಾಯಿತು. ಅದೇ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆಯಾಗಿ, ಎರಡೂ ಪದ್ಧತಿಯ ಕಾಲೇಜು ನಡೆಸುತ್ತಿದೆ. ನೆಗಡಿಗೋ ಕೆಮ್ಮಿಗೋ ಗುಳಿಗೆ ತಿನ್ನುವವರ ಜೊತೆ ನಾವು ಜಗಳಕ್ಕೆ ನಿಲ್ಲುವುದಿಲ್ಲ. ಗುಳಿಗೆಯನ್ನು ನಂಬಿ ಲಸಿಕೆ ತಪ್ಪಿಸಿದಾಗ ಮಾತ್ರ ಮಾತು ಬೇರೆ.

ಯಾಕೆಂದರೆ ರೇಬಿಸ್ ಎರಡನೇ ಅವಕಾಶ ಕೊಡುವುದಿಲ್ಲ. ನೀರು ಕಂಡರೆ ಬೆಚ್ಚುವ ಹಂತ ಬಂದರೆ ಮುಗಿಯಿತು, ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದ ಅಷ್ಟೂ ದಿನದ ಚುಚ್ಚುಮದ್ದು ಮುಗಿಸಿ. ಗಾಯ ಆಳವಾಗಿದ್ದರೆ ಅದರ ಸುತ್ತ ಹಾಕುವ ಇನ್ನೊಂದು ಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ. ಮನೆ ನಾಯಿಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ದನಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ.

ಒಂದು ಕಾಲಕ್ಕೆ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡ ರೋಗ ಈಗ ಎಲ್ಲಿದೆ ಎಂದು ಮನೆಯ ಅಜ್ಜನನ್ನು ಕೇಳಿ. ಲಕ್ಸ್ ಕಾಲದ ಯುರೋಪಿನ ದನಗಳನ್ನೂ ಅದು ಬಿಟ್ಟಿರಲಿಲ್ಲ. 2011ರಲ್ಲಿ ಅದು ಭೂಮಿಯಿಂದಲೇ ತೊಲಗಿತು ಎಂದು ಘೋಷಣೆಯಾಯಿತು. ತೊಲಗಿಸಿದ್ದು ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ಹಾಕಿದ ಲಸಿಕೆ.